ಬರುವವರು ಯಾರೋ, ಇದ್ದವರು ಯಾರೋ

ಮಂಗಳ ಗ್ರಹದ ಮೇಲೆ ಮನುಷ್ಯ ಇದುವರೆಗೆ ಮಾಡಿಸಿರುವ ಆಮ್ಲಜನಕದ ಒಟ್ಟು ತೂಕ 122 ಗ್ರಾಂ. ಒಂದು ಸಣ್ಣ ನಾಯಿ ಹತ್ತು ಗಂಟೆ ಉಸಿರಾಡುವುದಕ್ಕೆ ಆಗುವಷ್ಟು ಎಂದು ನಾಸಾದವರೇ ಲೆಕ್ಕ ಕೊಟ್ಟಿದ್ದಾರೆ. ಮಾಡಿದ್ದು ಪರ್ಸಿವರೆನ್ಸ್ ರೋವರ್‌ನ ಹೊಟ್ಟೆಯಲ್ಲಿ ಕೂತಿದ್ದ ಮಾಕ್ಸಿ ಎಂಬ ಪೆಟ್ಟಿಗೆ. ತೂಕ 17 ಕೆ.ಜಿ., ಮೈಗೆ ಚಿನ್ನದ ಲೇಪ. 2021ರ ಏಪ್ರಿಲ್ 20ರಂದು ಅದು ಮೊದಲ ಸಲ ಸುಮಾರು 5.4 ಗ್ರಾಂ ತೆಗೆಯಿತು. 2023ರ ಆಗಸ್ಟ್ 7ರಂದು ಹದಿನಾರನೆಯ ಸಲ, ಅಂದರೆ ಕೊನೆಯ ಸಲ, 9.8 ಗ್ರಾಂ. ಪ್ರತಿ ಸಲವೂ ಬಂದ ಅನಿಲವನ್ನು ಅಳೆದು, ಶುದ್ಧವಾಗಿದೆಯೇ ಎಂದು ನೋಡಿ, ಹಾಗೇ ಹೊರಗೆ ಬಿಟ್ಟರು. ಹಿಡಿದಿಡಲು ಅಲ್ಲಿ ಸಿಲಿಂಡರ್ ಇರಲಿಲ್ಲ. ಉಸಿರಾಡಲು ಮೂಗೂ ಇರಲಿಲ್ಲ.

ಈ ಸುದ್ದಿ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹೊರಗೆ ಬಿಟ್ಟ ಸಂಗತಿಯೇ. ತನಗೆ ಬೇಡದ ವಸ್ತುವನ್ನು, ಬೇಕಾದವರು ಯಾರೂ ಇಲ್ಲದ ಜಾಗದಲ್ಲಿ, ಒಂದು ಯಂತ್ರ ಅಷ್ಟು ಎಚ್ಚರದಿಂದ ಮಾಡುತ್ತದೆ. ಎಚ್ಚರ ಎಂದದ್ದು ಸುಮ್ಮನೆ ಅಲ್ಲ. ಮಂಗಳದ ಗಾಳಿಯಲ್ಲಿ ನೂರಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡ್. ಅದೂ ನಮ್ಮ ಗಾಳಿಯ ಒತ್ತಡದ ನೂರನೆಯ ಒಂದು ಪಾಲಿಗಿಂತ ಕಡಿಮೆ. ಮಾಕ್ಸಿ ಆ ತೆಳು ಗಾಳಿಯನ್ನು ಎಳೆದು, ಧೂಳು ಸೋಸಿ, ಒತ್ತಿ, 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಪಿಂಗಾಣಿ ಜಾತಿಯ ಬಿಲ್ಲೆಗಳ ಮೇಲೆ ಹಾಯಿಸುತ್ತಿತ್ತು. ಅಲ್ಲಿ ವಿದ್ಯುತ್ತು ಒಂದೊಂದು ಅಣುವಿನಿಂದ ಒಂದೊಂದು ಆಮ್ಲಜನಕದ ಪರಮಾಣುವನ್ನು ಕಿತ್ತುಕೊಳ್ಳುತ್ತದೆ. ಆ ಬಿಲ್ಲೆಯನ್ನು ತೂರಿ ಆಚೆ ಹೋಗುವ ದಾರಿ ಇರುವುದು ಆಮ್ಲಜನಕಕ್ಕೆ ಮಾತ್ರ. ಆಚೆ ಬದಿಯಲ್ಲಿ ಎರಡೆರಡು ಪರಮಾಣು ಕೂಡಿಕೊಂಡು ನಾವು ಉಸಿರಾಡುವ ಅನಿಲ ಆಗುತ್ತದೆ. ಈಚೆ ಉಳಿಯುವುದು ಕಾರ್ಬನ್ ಮಾನಾಕ್ಸೈಡ್, ಅಪ್ಪಟ ವಿಷ. ಆಸೆಬಿದ್ದು ವಿದ್ಯುತ್ ಒತ್ತಡವನ್ನು ಸ್ವಲ್ಪ ಜಾಸ್ತಿ ಮಾಡಿದರೆ ಆ ಮಾನಾಕ್ಸೈಡೂ ಒಡೆದು ಮಸಿ ಕೂರುತ್ತದೆ, ಬಿಲ್ಲೆ ಸತ್ತುಹೋಗುತ್ತದೆ. ಕಡಿಮೆ ಮಾಡಿದರೆ ಏನೂ ಹುಟ್ಟುವುದಿಲ್ಲ. ನಡುವೆ ಸಣ್ಣದೊಂದು ಓಣಿ, ಅದರಲ್ಲೇ ನಡೆಯಬೇಕು.

ಇದು ಸಾಲದು ಎಂಬಂತೆ ಅಲ್ಲಿನ ಗಾಳಿಯೂ ಒಂದೇ ಸಮ ಇರುವುದಿಲ್ಲ. ಧ್ರುವದಲ್ಲಿ ಚಳಿಗಾಲ ಬಂದರೆ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕಿಳಿಯುತ್ತದೆ. ಇಡೀ ಗ್ರಹದ ವಾತಾವರಣದ ಸುಮಾರು ಕಾಲು ಭಾಗ ಹೀಗೆ ಮಂಜಾಗಿ ಕೂತು, ಬೇಸಿಗೆಯಲ್ಲಿ ಮತ್ತೆ ಏಳುತ್ತದೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳು ಈ ಏರಿಳಿತವನ್ನು ವರ್ಷಗಟ್ಟಲೆ ಬರೆದಿಟ್ಟವು. ಹಗಲು, ರಾತ್ರಿ, ಗಾಳಿ ತೀರ ತೆಳುವಾದ ದಿನ, ತೀರ ದಟ್ಟವಾದ ದಿನ, ಎಲ್ಲ ಹೊತ್ತಿನಲ್ಲೂ ಮಾಕ್ಸಿಯನ್ನು ಓಡಿಸಿ ನೋಡಿದ್ದು ಅದಕ್ಕೇ. ರೋವರ್‌ನ ಅಣುಶಕ್ತಿಯ ಘಟಕ ಕೊಡುವುದು 110 ವ್ಯಾಟ್‌ನ ಆಸುಪಾಸು. ಮಾಕ್ಸಿಗೆ ಬೇಕಾದದ್ದು 300. ಹಾಗಾಗಿ ಬ್ಯಾಟರಿ ತುಂಬಿಸಿಕೊಂಡು, ಅದು ಓಡುವ ಹೊತ್ತಿಗೆ ಮಿಕ್ಕ ಉಪಕರಣಗಳೆಲ್ಲ ಬಹುಮಟ್ಟಿಗೆ ಕೈಕಟ್ಟಿ ಕೂರಬೇಕಿತ್ತು. ಇಷ್ಟೆಲ್ಲ ಹತ್ತು ಗ್ರಾಂಗಾಗಿ.

ಯಾರಿಗಾಗಿ ಈ ಉಸಿರು? ಬರುವವರಿಗಾಗಿ ಎಂಬುದು ನೇರ ಉತ್ತರ. ಲೆಕ್ಕ ಬಿಡಿಸಿ ನೋಡಿದರೆ ಉತ್ತರ ಸ್ವಲ್ಪ ಬೇರೆ. ನಾಲ್ಕು ಜನ ಮಂಗಳದಲ್ಲಿ ಒಂದು ವರ್ಷ ಉಸಿರಾಡಲು ಸುಮಾರು ಒಂದು ಟನ್ ಆಮ್ಲಜನಕ ಸಾಕು. ಅದೇ ನಾಲ್ಕು ಜನರನ್ನು ಹೊತ್ತು ರಾಕೆಟ್ ಅಲ್ಲಿಂದ ಮೇಲೇಳಬೇಕಾದರೆ 7 ಟನ್ ಇಂಧನ ಬೇಕು, ಅದನ್ನು ಉರಿಸಲು 25 ಟನ್ ಆಮ್ಲಜನಕ ಬೇಕು. ಅಂದರೆ ಹೊಸ ಗ್ರಹದಲ್ಲಿ ನಾವು ಮಾಡಿಸಬೇಕೆಂದಿರುವ ಉಸಿರಿನ ದೊಡ್ಡ ಪಾಲು ಅಲ್ಲಿ ಬದುಕುವುದಕ್ಕಲ್ಲ, ಅಲ್ಲಿಂದ ಹೊರಡುವುದಕ್ಕೆ. ವಲಸೆಯ ಮಾತನ್ನು ದೊಡ್ಡ ದನಿಯಲ್ಲಿ ಆಡುವವರೂ ಮೊದಲು ಜೋಡಿಸಿಕೊಳ್ಳುವುದು ಮನೆಗೆ ಬರುವ ದಾರಿಯನ್ನೇ. ನನಗೆ ಇದು ಹೇಡಿತನ ಅನ್ನಿಸುವುದಿಲ್ಲ. ಬುದ್ಧಿ ಇರುವವರು ಮಾಡುವುದೇ ಹಾಗೆ.

ಗಂಟೆಗೆ ಹತ್ತು ಗ್ರಾಂನ ಮಾಕ್ಸಿ 25 ಟನ್ ಮಾಡಲು ಹೊರಟರೆ ಎಡೆಬಿಡದೆ 285 ವರ್ಷ ಓಡಬೇಕು. ಅದಕ್ಕೇ ಗಂಟೆಗೆ ಎರಡು ಮೂರು ಕೆ.ಜಿ. ತೆಗೆಯುವ ದೊಡ್ಡ ಯಂತ್ರದ ಮಾತು. ಭೂಮಿ ಮತ್ತು ಮಂಗಳ ಪ್ರಯಾಣಕ್ಕೆ ಹೊಂದುವ ಹಾಗೆ ಬರುವುದು 26 ತಿಂಗಳಿಗೊಮ್ಮೆ. ಒಂದು ಸರದಿಯಲ್ಲಿ ಯಂತ್ರ ಹೋಗಿ ಇಳಿಯಬೇಕು. ಒಂದು ವರ್ಷಕ್ಕೂ ಮೇಲೆ ಹಗಲಿರುಳು ಗಾಳಿ ಹಿಂಡಿ, ಆಮ್ಲಜನಕವನ್ನು ತಣಿಸಿ ದ್ರವ ಮಾಡಿ, ಟ್ಯಾಂಕ್ ತುಂಬಿಸಬೇಕು. ತುಂಬಿದೆ ಎಂಬ ಸಂದೇಶ ಬಂದ ಮೇಲೆ, ಮುಂದಿನ ಸರದಿಯಲ್ಲಿ, ನಾಲ್ಕು ಜನ ಇಲ್ಲಿಂದ ಹೊರಡಬೇಕು. ಟ್ಯಾಂಕ್ ಒಳಗೆ ಯಾರೂ ಇಣುಕಿ ನೋಡಿರುವುದಿಲ್ಲ. ಕೋಟ್ಯಂತರ ಕಿಲೋಮೀಟರ್ ಆಚೆಯಿಂದ ಬಂದ ಒಂದು ಅಂಕಿಯನ್ನು ನಂಬಿ, ಹೆಂಡತಿ ಮಕ್ಕಳಿಗೆ ಹೋಗಿ ಬರುತ್ತೇನೆ ಎಂದು ಹೇಳಿ, ಅವರು ಏಣಿ ಹತ್ತಬೇಕು. ರೋಬೋಟುಗಳ ಬಗ್ಗೆ ಮಾತು ಬಂದಾಗಲೆಲ್ಲ ಅವು ಎಷ್ಟು ಜಾಣವಾಗುತ್ತವೆ ಎಂದು ಕೇಳುತ್ತೇವೆ. ಅವುಗಳ ಮಾತಿನ ಮೇಲೆ ಹೊರಡುವ ಮನುಷ್ಯನ ಎದೆಗಾರಿಕೆ ಎಂಥದ್ದು ಎಂದು ಕೇಳುವವರು ಕಡಿಮೆ.

ಊರಲ್ಲಿ ಮದುವೆಗೆ ಚಪ್ಪರ ಹಾಕುವವರು ನೆನಪಾಗುತ್ತಾರೆ. ಎರಡು ದಿನ ಮೊದಲೇ ಬಂದು ಗುಂಡಿ ತೋಡಿ ಗೂಟ ನೆಟ್ಟು, ಗರಿ ಹೊದಿಸಿ, ಮಾವಿನ ತೋರಣ ಕಟ್ಟುವಷ್ಟು ಹೊತ್ತಿಗೆ ಅವರಿಗೆ ಇನ್ನೊಂದು ಊರಿನ ಕರೆ ಬಂದಿರುತ್ತದೆ. ಗಂಡು ಹೆಣ್ಣು ಯಾರು ಎಂದು ಅವರು ಕೇಳಿರುವುದೂ ಇಲ್ಲ. ಆದರೆ ಗೂಟ ಸಡಿಲವಾಗಿದ್ದರೆ ಬಿಸಿಲಿಗೂ ಮಳೆಗೂ ಸಿಕ್ಕುವವರು ಮದುವೆ ಮನೆಯವರು.

ಚಪ್ಪರದವರಿಗಾದರೂ ಅಂಗಳದಲ್ಲಿ ನಿಂತು ಇಲ್ಲಿ ಬೇಡ, ಅಲ್ಲಿ ನೆಡಪ್ಪಾ ಎಂದು ಹೇಳುವ ಯಜಮಾನರಿರುತ್ತಾರೆ. ಮಂಗಳಕ್ಕೆ ಹಾಗೆ ಹೇಳಲಾಗುವುದಿಲ್ಲ. ನಮ್ಮ ಮಾತು ಬೆಳಕಿನ ವೇಗದಲ್ಲಿ ಹೋದರೂ ಹತ್ತಿರ ಇದ್ದಾಗ ಸುಮಾರು 3 ನಿಮಿಷ, ದೂರ ಹೋದಾಗ 22 ನಿಮಿಷ. ‘ನಿಲ್ಲು’ ಎಂದು ಕೂಗುವಷ್ಟರಲ್ಲಿ ಗಾಡಿ ಹಳ್ಳಕ್ಕೆ ಬಿದ್ದು ಧೂಳು ಇಳಿದಿರುತ್ತದೆ. ಇನ್ನೂ ಒಂದು ತೊಡಕಿದೆ. ಸುಮಾರು ಎರಡು ವರ್ಷಕ್ಕೊಮ್ಮೆ ಸೂರ್ಯ ಎರಡೂ ಗ್ರಹಗಳ ನಡುವೆ ಅಡ್ಡ ಬರುತ್ತಾನೆ. ಅವನ ಸುತ್ತಲಿನ ಬಿಸಿ ಅನಿಲ ರೇಡಿಯೊ ಸಂಕೇತವನ್ನು ಕೆಡಿಸುತ್ತದೆ. ಅರ್ಧ ಆದೇಶ ತಲುಪಿ ಅರ್ಧ ಅಳಿಸಿಹೋದರೆ ಆದೇಶ ಕೊಡದೇ ಇದ್ದುದಕ್ಕಿಂತ ಕೆಟ್ಟದ್ದಾಗಬಹುದು ಎಂದು ಎರಡು ವಾರ ಯಾರೂ ಏನೂ ಹೇಳದೆ ಸುಮ್ಮನಿರುತ್ತಾರೆ. ಆ ಹದಿನಾಲ್ಕು ದಿನ ಅಲ್ಲಿರುವವು ತಮ್ಮ ಪಾಡಿಗೆ ತಾವು.

ಈ ಕೈಬಿಡುವ ಅನುಭವ ಬೆಂಗಳೂರಿಗೆ ಹೊಸದಲ್ಲ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಆ ಗ್ರಹದ ಕಕ್ಷೆ ಸೇರಬೇಕಿತ್ತು. ಅದರ ಮುಖ್ಯ ಎಂಜಿನ್ ಸುಮಾರು 300 ದಿನ ನಿದ್ದೆಯಲ್ಲಿತ್ತು. ಎರಡು ದಿನ ಮೊದಲು ನಾಲ್ಕು ಸೆಕೆಂಡಿನಷ್ಟು ಹಚ್ಚಿ ನೋಡಿ, ಏಳುತ್ತದೆ ಎಂದು ಖಾತ್ರಿ ಮಾಡಿಕೊಂಡಿದ್ದರು. ಅಸಲಿ ಕೆಲಸಕ್ಕೆ 24 ನಿಮಿಷ ಉರಿಯಬೇಕು. ಸುದ್ದಿ ಇಲ್ಲಿಗೆ ಮುಟ್ಟಲು ಹನ್ನೆರಡು ನಿಮಿಷದ ಮೇಲೆ, ಅದರ ಮೇಲೆ ನೌಕೆ ಗ್ರಹದ ಹಿಂದೆ ಮರೆಯಾಗುವ ಹೊತ್ತೂ ಅದೇ. ಏನೇನು ಮಾಡಬೇಕು, ಕೆಟ್ಟರೆ ಏನು ಮಾಡಬೇಕು ಎಂಬುದೆಲ್ಲ ದಿನಗಳ ಮೊದಲೇ ಅದರ ನೆನಪಿಗೆ ತುಂಬಿಯಾಗಿತ್ತು. ಪೀಣ್ಯದ ಇಸ್ಟ್ರಾಕ್ ನಿಯಂತ್ರಣ ಕೊಠಡಿಯಲ್ಲಿ ಆಮೇಲೆ ಮಾಡಲು ಉಳಿದಿದ್ದ ಕೆಲಸ ಕಾಯುವುದೊಂದೇ. ಟಿ.ವಿ.ಯಲ್ಲಿ ಆ ಮುಖಗಳನ್ನು ನೋಡಿದವರಿಗೆ ನೆನಪಿರಬಹುದು: ಅಷ್ಟು ಕಂಪ್ಯೂಟರುಗಳ ಎದುರು ಕೂತು ಒಬ್ಬರೂ ಒಂದು ಗುಂಡಿಯನ್ನೂ ಒತ್ತುತ್ತಿರಲಿಲ್ಲ.

ಕೆಲಸ ಒಪ್ಪಿಸಿ ಸುಮ್ಮನಿರುವುದನ್ನು ನಾವು ನಿಧಾನವಾಗಿ ಕಲಿತಿದ್ದೇವೆ. 1997ರಲ್ಲಿ ಮಂಗಳದ ಮೇಲೆ ಓಡಾಡಿದ ಮೊದಲ ಗಾಡಿ ಸೋಜರ್ನರ್ ತನ್ನ ಆಯಸ್ಸಿನಲ್ಲೆಲ್ಲ ಸಾಗಿದ್ದು ನೂರು ಮೀಟರಿನಷ್ಟು. ಪರ್ಸಿವರೆನ್ಸ್ ಮಂಗಳದ ಲೆಕ್ಕದ ತನ್ನ ಮೊದಲ ವರ್ಷದಲ್ಲಿ 17.7 ಕಿ.ಮೀ. ಹೋಯಿತು. ಅದರಲ್ಲಿ ನೂರಕ್ಕೆ 88 ಪಾಲು ದಾರಿಯನ್ನು ಸ್ವಂತ ಕಣ್ಣಿನಿಂದ ಅಳೆದು, ಕಲ್ಲು ಬಳಸಿ, ಮರಳು ತಪ್ಪಿಸಿ ಹೋಯಿತು. ಕ್ಯೂರಿಯಾಸಿಟಿ ರೋವರ್‌ಗೆ ಇನ್ನೂ ಒಂದು ಸ್ವಾತಂತ್ರ್ಯ ಕೊಟ್ಟಿದ್ದಾರೆ. ಹೊಸ ಜಾಗಕ್ಕೆ ಬಂದು ನಿಂತಾಗ ಸುತ್ತ ನೋಡಿ, ಯಾವ ಕಲ್ಲಿಗೆ ಲೇಸರ್ ಹೊಡೆದು ನೋಡಬೇಕೆಂದು ಅದೇ ಆರಿಸಿಕೊಳ್ಳಬಹುದು. ಯಾರನ್ನೂ ಕೇಳದೆ ಒಂದು ಯಂತ್ರ ಈ ಕಲ್ಲು ಬೇಡ, ಆ ಕಲ್ಲು ಎನ್ನುತ್ತದೆ. ಅದನ್ನು ಕುತೂಹಲ ಎನ್ನಬಹುದೇ? ತಿಳಿದವರು ನಗುತ್ತಾರೆ. ಆದರೂ ಆ ಗಾಡಿಗೆ ಆ ಹೆಸರಿಟ್ಟವರು ಯಾರೂ ನಗುತ್ತಾ ಇಟ್ಟಿರಲಿಕ್ಕಿಲ್ಲ.

ತಮಾಷೆ ಏನೆಂದರೆ, ಈ ವ್ಯವಹಾರದಲ್ಲಿ ಮಂಗಳಕ್ಕೆ ಮೊದಲು ಹೊಂದಿಕೊಂಡದ್ದು ಮನುಷ್ಯನ ಮೈ. ಅಲ್ಲಿನ ಒಂದು ದಿನ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ಉದ್ದ. ಗಾಡಿ ಇಳಿದ ಮೊದಲ ತಿಂಗಳುಗಳಲ್ಲಿ, ಅದನ್ನು ಕಟ್ಟಿ ಓಡಿಸುವ ಅಮೆರಿಕದ ಪ್ಯಾಸಡೀನಾದ ತಂಡದವರು ಮಂಗಳದ ಗಡಿಯಾರದಂತೆ ಬದುಕುತ್ತಾರೆ. ಇವತ್ತು ಬೆಳಗ್ಗೆ ಎಂಟಕ್ಕೆ ಕೆಲಸ, ನಾಳೆ ಎಂಟು ನಲವತ್ತಕ್ಕೆ, ಎರಡು ವಾರ ಕಳೆದರೆ ಸಂಜೆ ಶುರುವಾಗುವ ಹಗಲು ನಡುರಾತ್ರಿ ದಾಟುತ್ತದೆ. ಕಿಟಕಿಗೆ ದಪ್ಪ ಪರದೆ ಕಟ್ಟಿ ಮಲಗುತ್ತಾರೆ. 2004ರ ಸುಮಾರಿಗೆ ಅಲ್ಲಿನ ಒಬ್ಬ ಗಡಿಯಾರ ರಿಪೇರಿಯವನು ದಿನಕ್ಕೆ 40 ನಿಮಿಷ ಹಿಂದೆ ಬೀಳುವ ಕೈಗಡಿಯಾರಗಳನ್ನು ಅವರಿಗಾಗಿ ಮಾಡಿಕೊಟ್ಟಿದ್ದ. ಜೀವಮಾನವಿಡೀ ಹಿಂದೆ ಬೀಳುವ ಗಡಿಯಾರವನ್ನು ಸರಿಮಾಡಿದವನಿಗೆ ಸರಿಯಾದ ಗಡಿಯಾರವನ್ನು ಕರಾರುವಾಕ್ಕಾಗಿ ಕೆಡಿಸುವ ಕೆಲಸ!

ರೋಬೋಟುಗಳು ಮುಂದಾಗಿ ಹೋಗಿ ಊರು ಕಟ್ಟುವ ಕನಸು ಹಳೆಯದು. 1980ರಲ್ಲಿ ಸ್ಯಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ನಾಸಾ ಒಂದು ಬೇಸಿಗೆ ಅಧ್ಯಯನ ನಡೆಸಿತು. ಚಂದ್ರನ ಮೇಲೆ ಒಂದು ಬೀಜದಂಥ ಕಾರ್ಖಾನೆ ಇಳಿಸಿದರೆ ಅದು ಅಲ್ಲಿನ ಮಣ್ಣಿನಿಂದಲೇ ತನ್ನಂಥ ಇನ್ನೊಂದನ್ನು, ಆ ಎರಡೂ ಸೇರಿ ನಾಲ್ಕನ್ನು ಮಾಡಿಕೊಳ್ಳುತ್ತಾ ಹೋಗಬಹುದು ಎಂದು ಅಲ್ಲಿ ಗಂಭೀರವಾಗಿಯೇ ಲೆಕ್ಕ ಹಾಕಿದ್ದರು. ಓದಲು ಸೊಗಸು. ಆ ಕಾಗದದ ಪಕ್ಕದಲ್ಲಿ ಮಂಗಳದಲ್ಲಿ ಇಳಿದ ಇನ್‌ಸೈಟ್ ನೌಕೆಯ ‘ಹೆಗ್ಗಣ’ದ ಕಥೆಯನ್ನೂ ಇಟ್ಟು ಓದಬೇಕು.

ಹೆಗ್ಗಣ ಎಂದು ನಾನು ಕರೆಯುತ್ತಿರುವುದು ಮಣ್ಣೊಳಗೆ ತಾನೇ ಕೊರೆದುಕೊಂಡು ಇಳಿಯಬೇಕಿದ್ದ ಒಂದು ಕೋಲನ್ನು. ಉದ್ದ 40 ಸೆಂ.ಮೀ., ಮಾಡಿದವರು ಜರ್ಮನ್ನರು. ಒಳಗಿನ ಸುತ್ತಿಗೆ ಬಡಿದಂತೆಲ್ಲ ಅದು ಕೆಳಗೆ ಇಳಿಯುತ್ತಾ ಐದು ಮೀಟರ್ ಆಳ ತಲುಪಿ ಗ್ರಹದ ಒಳಬಿಸಿ ಅಳೆಯಬೇಕಿತ್ತು. 2019ರ ಫೆಬ್ರವರಿ 28ರಂದು ಬಡಿಯಲು ಶುರುಮಾಡಿತು. ಕೋಲು ಮುಂದೆ ಹೋಗಬೇಕಾದರೆ ಸುತ್ತಲಿನ ಮಣ್ಣು ಅದನ್ನು ಬಿಗಿಹಿಡಿಯಬೇಕು. ಇಲ್ಲದಿದ್ದರೆ ಪ್ರತಿ ಪೆಟ್ಟಿಗೂ ಅಷ್ಟೇ ಹಿಂದಕ್ಕೆ ಪುಟಿಯುತ್ತದೆ. ಆ ಜಾಗದ ಮಣ್ಣಿನ ಮೇಲ್ಪದರ ಗಟ್ಟಿಗಟ್ಟಿ, ಹೆಪ್ಪುಹೆಪ್ಪು. ಕೋಲಿನ ಸುತ್ತ ಗುಂಡಿ ಬಿತ್ತೇ ಹೊರತು ಹಿಡಿತ ಸಿಗಲಿಲ್ಲ. ಆಮೇಲೆ ಶುರುವಾಯಿತು ಎಂಜಿನಿಯರುಗಳ ಪಟ್ಟು. ನೌಕೆಯ ಕೈಯಲ್ಲಿದ್ದ ಪುಟ್ಟ ಸನಿಕೆಯಿಂದ ಕೋಲನ್ನು ಪಕ್ಕದಿಂದ ಅದುಮಿದರು. ಸ್ವಲ್ಪ ಇಳಿಯಿತು. ಖುಷಿಪಡುವಷ್ಟರಲ್ಲಿ ಅರ್ಧಕ್ಕರ್ಧ ಹೊರಗೆ ಬಂತು. ತಲೆಯ ಮೇಲಿಂದ ಒತ್ತಿದರು. ಗುಂಡಿಗೆ ಮಣ್ಣು ಕೆರೆದು ತುಂಬಿದರು. ಪ್ರತಿಯೊಂದು ಒತ್ತಿಗೂ ಚಿತ್ರ ಬರುವ ತನಕ ಕಾದು, ನೋಡಿ, ಭೂಮಿಯಲ್ಲಿ ಅದರ ಜೋಡಿ ಯಂತ್ರದ ಮೇಲೆ ಪರೀಕ್ಷಿಸಿ, ಮತ್ತೆ ಆದೇಶ. 2021ರ ಜನವರಿಯಲ್ಲಿ ಕೊನೆಯ 500 ಪೆಟ್ಟು ಹಾಕಿಸಿ ಕೈಬಿಟ್ಟಾಗ ಕೋಲಿನ ತಲೆ ನೆಲಮಟ್ಟಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿತ್ತು. ಸುಮಾರು ಎರಡು ವರ್ಷಕ್ಕೆ ಒಂದೂವರೆ ಅಡಿಯಷ್ಟೂ ಇಲ್ಲ.

ಮಂಗಳದ ಮೇಲೆ ಗಾಜಿನ ಗುಮ್ಮಟ, ಒಳಗೆ ಹಸಿರು ತೋಟ ಇರುವ ಬಣ್ಣದ ಚಿತ್ರಗಳನ್ನು ಬರೆಸುವವರಿಗೆ ಈ ಎರಡು ವರ್ಷದ ಚಿತ್ರಗಳನ್ನು ಒಂದೇ ಬಾರಿಗೆ ಕೂರಿಸಿ ತೋರಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಯಾವ ಊರಾದರೂ ಶುರುವಾಗುವುದು ಅಗೆಯುವುದರಿಂದ. ನೀರಿಗೆ ಅಗೆಯಬೇಕು, ಪಾಯಕ್ಕೆ ಅಗೆಯಬೇಕು. ಅಲ್ಲಂತೂ ವಿಕಿರಣ ತಡೆಯಲು ಮನೆಯ ಮೇಲೆ ದಪ್ಪಗೆ ಮಣ್ಣು ಹೇರಬೇಕು. ಕ್ಯೂರಿಯಾಸಿಟಿ ಅಳೆದ ಪ್ರಕಾರ ಅಲ್ಲಿನ ನೆಲದ ಮೇಲೆ ದಿನಕ್ಕೆ ಬೀಳುವ ವಿಕಿರಣ 0.67 ಮಿಲಿಸೀವರ್ಟ್, ನಮಗಿಲ್ಲಿ ನಿಸರ್ಗದಿಂದ ಸಿಗುವುದರ ಸುಮಾರು ನೂರು ಪಟ್ಟು. ಅಗೆಯುವ ಯಂತ್ರವೋ ಭೂಮಿಯಲ್ಲಿ ತನ್ನ ತೂಕದ ಬಲದಿಂದ ಅಗೆಯುತ್ತದೆ. ಜೆಸಿಬಿ ನೆಲಕ್ಕೆ ಹಲ್ಲು ಹಾಕಿದಾಗ ಅದನ್ನು ಹಿಡಿದು ನಿಲ್ಲಿಸುವುದು ಅದರ ಟನ್ನುಗಟ್ಟಲೆ ಭಾರ. ರಾಕೆಟ್ಟಿನಲ್ಲಿ ಭಾರ ಒಯ್ಯುವಂತಿಲ್ಲ, ಒಯ್ದರೂ ಮಂಗಳದಲ್ಲಿ ಅದರ ತೂಕ ಇಲ್ಲಿಯ ನೂರಕ್ಕೆ 38 ಮಾತ್ರ. ಕೆನಡಿ ಬಾಹ್ಯಾಕಾಶ ಕೇಂದ್ರದವರು ಇದಕ್ಕೊಂದು ಚೆಂದದ ಉಪಾಯ ಹುಡುಕಿದ್ದಾರೆ. ರ್‍ಯಾಸರ್ ಎಂಬ ಅವರ ಯಂತ್ರಕ್ಕೆ ಹಿಂದೊಂದು ಮುಂದೊಂದು ಹಲ್ಲಿನ ಉರುಳೆ. ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಾ ಕೆರೆಯುತ್ತವೆ. ಒಂದು ಗಾಡಿಯನ್ನು ಮುಂದಕ್ಕೆ ಎಳೆದಷ್ಟೇ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಆದರೆ ಸೋತ ಯಂತ್ರಗಳಿಂದ ಬಂದ ಬೆರಗೂ ಕಡಿಮೆಯದಲ್ಲ. ಅದೇ ಇನ್‌ಸೈಟ್‌ನ ಸೌರಫಲಕಗಳ ಮೇಲೆ ಧೂಳು ಕೂತು ವಿದ್ಯುತ್ತು ಇಳಿಯತೊಡಗಿದಾಗ, ಸನಿಕೆಯಲ್ಲಿ ದಪ್ಪ ಮರಳು ಎತ್ತಿ, ಗಾಳಿ ಬೀಸುವ ಹೊತ್ತು ನೋಡಿ, ಫಲಕದ ಪಕ್ಕದಲ್ಲಿ ಸುರಿಸಿದರು. ಮರಳಿನ ಕಾಳು ಗಾಳಿಯಲ್ಲಿ ಪುಟಿದು ಫಲಕದ ಮೇಲೆ ಉರುಳಿ ನವಿರಾದ ಧೂಳನ್ನು ತನ್ನ ಜೊತೆ ಎಬ್ಬಿಸಿಕೊಂಡು ಹೋಯಿತು. ಮಣ್ಣು ಹಾಕಿ ಧೂಳು ಗುಡಿಸಿದ್ದು! ಆಯಸ್ಸು ಒಂದಷ್ಟು ತಿಂಗಳು ಹೆಚ್ಚಿತು. ಸ್ಪಿರಿಟ್ ಎಂಬ ರೋವರ್‌ನದು ಇನ್ನೊಂದು ಬಗೆ. 2006ರಲ್ಲಿ ಅದರ ಮುಂದಿನ ಬಲಗಾಲಿ ತಿರುಗುವುದನ್ನು ನಿಲ್ಲಿಸಿತು. ಗಾಡಿಯನ್ನು ಹಿಮ್ಮುಖವಾಗಿ ಓಡಿಸುತ್ತಾ, ಸತ್ತ ಗಾಲಿಯನ್ನು ಎಳೆದುಕೊಂಡು ತಿರುಗಿದರು. ಮುಂದಿನ ವರ್ಷ ಆ ಗಾಲಿ ಕೆರೆದ ಗೆರೆಯಲ್ಲಿ ಬೆಳ್ಳಗೆ ಏನೋ ಕಂಡಿತು. ನೋಡಿದರೆ ನೂರಕ್ಕೆ ತೊಂಬತ್ತು ಪಾಲು ಶುದ್ಧವಾದ ಸಿಲಿಕಾ. ಬಿಸಿನೀರಿನ ಬುಗ್ಗೆ ಅಥವಾ ಹಬೆ ಇದ್ದ ಕಡೆ ಉಂಟಾಗುವಂಥದ್ದು. ಆರೂ ಗಾಲಿ ಸರಿಯಾಗಿ ತಿರುಗಿದ್ದರೆ ಅದನ್ನು ದಾಟಿ ಮುಂದೆ ಹೋಗಿಬಿಡುತ್ತಿದ್ದರು.

ಕಟ್ಟುವ ವಿಷಯಕ್ಕೆ ಬಂದರೆ, ಮಂಗಳದ ಮೊದಲ ಮೇಸ್ತ್ರಿ ಕಬ್ಬಿಣದವನೇ ಆಗಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಇಸ್ರೋ ಜೊತೆ ಸೇರಿ ಇಟ್ಟಿಗೆ ಮಾಡಿದೆ. 2020ರಲ್ಲಿ ಚಂದ್ರನ ಮಣ್ಣಿನಂಥ ಮಣ್ಣಿನಿಂದ, 2022ರಲ್ಲಿ ಮಂಗಳದ ಮಣ್ಣಿನಂಥ ಮಣ್ಣಿನಿಂದ. ಗೂಡಿಲ್ಲ, ಸುಡುವುದಿಲ್ಲ, ಸಿಮೆಂಟಿಲ್ಲ. ಮಣ್ಣಿಗೆ ಯೂರಿಯಾ, ಗೋರಿಕಾಯಿ ಬೀಜದ ಅಂಟು ಮತ್ತು ಸ್ಪೋರೊಸಾರ್ಸಿನಾ ಪಾಶ್ಚುರೈ ಎಂಬ ಬ್ಯಾಕ್ಟೀರಿಯಾ ಬೆರೆಸಿ ಅಚ್ಚಿಗೆ ಹೊಯ್ಯುತ್ತಾರೆ. ಬ್ಯಾಕ್ಟೀರಿಯಾ ಯೂರಿಯಾ ತಿಂದು ಸುಣ್ಣಕಲ್ಲಿನ ಹರಳು ಬಿಡುತ್ತದೆ, ಹರಳು ಮಣ್ಣಿನ ಕಣಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಉತ್ತರ ಕರ್ನಾಟಕದವರು ಚವಳಿಕಾಯಿ ಎಂದು ಪಲ್ಯ ಮಾಡಿ ತಿನ್ನುವ ಗಿಡ ಮಂಗಳದ ಗೋಡೆಯ ಗಾರೆಗೆ ಬರುತ್ತದೆಂದು ಯಾರು ಎಣಿಸಿದ್ದರು! ಯೂರಿಯಾಕ್ಕೆ ಗೊಬ್ಬರದ ಚೀಲ ಹೊರಬೇಕಿಲ್ಲ, ಹೋದವರ ಮೂತ್ರದಲ್ಲೇ ಇರುತ್ತದೆ. ತೊಂದರೆ ಬಂದದ್ದು ಮಂಗಳದ ಕೆಂಪಿನಿಂದ. ಆ ಮಣ್ಣಿನಲ್ಲಿ ಕಬ್ಬಿಣ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ. ನಿಕಲ್ ಕ್ಲೋರೈಡ್ ಹಾಕಿದ ಮೇಲೆ ಒಗ್ಗಿಕೊಂಡಿತು. ಅಲ್ಲಿನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಇನ್ನೊಂದು ಲವಣವೂ ಇದೆ, 2008ರಲ್ಲಿ ಫೀನಿಕ್ಸ್ ನೌಕೆ ಪತ್ತೆ ಮಾಡಿದ್ದು. ನಮ್ಮ ಥೈರಾಯ್ಡ್ ಗ್ರಂಥಿಗೆ ಅದು ಕೇಡು. ರಾಕೆಟ್ ಇಂಧನಕ್ಕೆ ಅದೇ ಆಮ್ಲಜನಕದ ಕಣಜ.

ಇಲ್ಲಿಗೆ ಬಂದಾಗ ನನ್ನ ಬೆರಗಿಗೆ ಒಂದು ಮುಳ್ಳು ತಗಲುತ್ತದೆ. ಮಂಗಳದ ಮೇಲೆ ಇಳಿಯುವ ಯಂತ್ರಗಳನ್ನು ನಾವು ಎಷ್ಟು ತೊಳೆದು ಕಳಿಸುತ್ತೇವೆಂದರೆ, ಇಡೀ ಗಾಡಿಯ ಮೇಲೆ ಬ್ಯಾಕ್ಟೀರಿಯಾ ಬೀಜಾಣುಗಳು 3 ಲಕ್ಷ ದಾಟಬಾರದು ಎಂಬ ಮಿತಿ ಇದೆ. ಒಂದು ಚಿಟಿಕೆ ತೋಟದ ಮಣ್ಣಿನಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ ಎಂದು ನೆನೆದರೆ ಈ ಮಡಿ ಎಂಥದ್ದೆಂದು ತಿಳಿಯುತ್ತದೆ. 1967ರ ಬಾಹ್ಯಾಕಾಶ ಒಪ್ಪಂದ ಎರಡು ಮಾತು ಹೇಳುತ್ತದೆ: ಆಕಾಶಕಾಯಗಳನ್ನು ಯಾವ ದೇಶವೂ ತನ್ನದೆನ್ನುವಂತಿಲ್ಲ, ಅವನ್ನು ಹಾನಿಯಾಗುವಂತೆ ಮೈಲಿಗೆ ಮಾಡುವಂತಿಲ್ಲ. ಒಂದು ಕಡೆ ಈ ಮಡಿ. ಇನ್ನೊಂದು ಕಡೆ ಬ್ಯಾಕ್ಟೀರಿಯಾವನ್ನೇ ಗಾರೆ ಕೆಲಸಕ್ಕೆ ಕರೆದೊಯ್ಯುವ ಯೋಚನೆ. ಮನುಷ್ಯರು ಹೋಗಿ ನಿಂತರಂತೂ ಮಡಿಯ ಮಾತು ಮುಗಿದ ಹಾಗೆಯೇ. ನಮ್ಮೊಬ್ಬೊಬ್ಬರ ಹೊಟ್ಟೆಯಲ್ಲೂ ಲಕ್ಷ ಕೋಟಿಗಳ ಲೆಕ್ಕದ ಸಂಸಾರ.

ಈ ಎರಡು ಕಡೆಗಳೂ ಒಂದೇ ಗಾಡಿಯಲ್ಲಿವೆ ಎಂಬುದನ್ನು ತಿಳಿದಾಗ ನನಗೆ ಎಲ್ಲಕ್ಕಿಂತ ಸೋಜಿಗವಾಯಿತು. ಪರ್ಸಿವರೆನ್ಸ್ ಇಳಿದದ್ದು ಜೆಜೆರೊ ಎಂಬ ಕುಳಿಯಲ್ಲಿ. ಮುನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಕೆರೆಯಿತ್ತು, ಕೆರೆಗೆ ಬಂದು ಸೇರುವ ನದಿಯ ಮುಖಜಭೂಮಿ ಈಗಲೂ ಕಾಣುತ್ತದೆ. ಆ ನೀರಿನಲ್ಲಿ ಎಂದಾದರೂ ಜೀವ ಇತ್ತೇ ಎಂದು ಹುಡುಕುವುದು ಗಾಡಿಯ ಮೊದಲ ಕೆಲಸ. ಅದಕ್ಕಾಗಿ ಅದರ ತೋಳಿನ ತುದಿಯಲ್ಲಿ ಶೆರ್ಲಾಕ್ ಎಂಬ ಉಪಕರಣ. ಅತಿನೇರಳೆ ಲೇಸರ್ ಬಿಟ್ಟು ಕಲ್ಲಿನಲ್ಲಿ ಸಾವಯವ ಕಣಗಳನ್ನು ಪತ್ತೆಹಚ್ಚುತ್ತದೆ. ಇಂಥ ಉಪಕರಣ ಆಗಾಗ ತನ್ನ ಕಣ್ಣನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಗೊತ್ತಿರುವ ವಸ್ತುವನ್ನು ನೋಡಿ, ಸರಿಯಾಗಿ ಕಾಣುತ್ತಿದೆಯೇ ಎಂದು ತಾಳೆ ನೋಡಬೇಕು. ಅದಕ್ಕೆಂದು ಗಾಡಿಯ ಮುಂಭಾಗದಲ್ಲಿ ಅಂಗೈಯಗಲದ ಒಂದು ಫಲಕ ಕೂರಿಸಿದ್ದಾರೆ. ಅದರಲ್ಲಿ ಎರಡು ಸಾಲು. ಮೇಲಿನ ಸಾಲಿನ ನಡುವೆ ಒಂದು ಕಲ್ಲಿನ ಚೂರು. ಒಮಾನ್ ದೇಶದ ಮರಳುಗಾಡಿನಲ್ಲಿ 1999ರಲ್ಲಿ ಸಿಕ್ಕಿದ ಉಲ್ಕೆಯದು, ಎಂದೋ ಮಂಗಳದಿಂದಲೇ ಸಿಡಿದು ನಮ್ಮಲ್ಲಿಗೆ ಬಂದದ್ದು. ಈಗ ರಾಕೆಟ್ ಹತ್ತಿ ತವರಿಗೆ ಹೋಗಿದೆ. ಕೆಳಗಿನ ಸಾಲಿನಲ್ಲಿ ಐದು ತುಣುಕು. ಮುಂದೆಂದೋ ಮಂಗಳಕ್ಕೆ ಹೋಗುವವರ ಅಂಗಿಗೆ, ಕೈಗವಸಿಗೆ, ಶಿರಸ್ತ್ರಾಣದ ಮುಖಪರದೆಗೆ ಬಳಸಬಹುದಾದ ಬಟ್ಟೆ ಮತ್ತು ಪ್ಲಾಸ್ಟಿಕ್. ಅಲ್ಲಿನ ಬಿಸಿಲಿಗೆ, ಧೂಳಿಗೆ, ವಿಕಿರಣಕ್ಕೆ ಅವು ಹೇಗೆ ಬಾಳುತ್ತವೆ ಎಂದು ನೋಡಲು 2021ರ ಫೆಬ್ರವರಿಯಿಂದ ಒಡ್ಡಿಟ್ಟಿದ್ದಾರೆ.

ಅಂದರೆ ಹಿಂದೆ ಇದ್ದವರನ್ನು ಹುಡುಕುವ ಕಣ್ಣು ಮುಂದೆ ಬರುವವರ ಅಂಗಿಯ ತುಂಡನ್ನು ನೋಡಿ ಹರಿತವಾಗುತ್ತಿದೆ. ಒಂದೇ ಗಾಡಿಗೆ ಎರಡು ಕೆಲಸ ಒಪ್ಪಿಸಿದ್ದೇವೆ. ಮನೆ ಸಿದ್ಧಮಾಡು ಎಂದಿದ್ದೇವೆ, ಆ ಮನೆ ಯಾರದ್ದೋ ಎಂದೂ ವಿಚಾರಿಸು ಎಂದಿದ್ದೇವೆ. ಎರಡನೆಯದಕ್ಕೆ ಉತ್ತರ ಬರುವ ತನಕ ಮೊದಲನೆಯದನ್ನು ತಡೆಹಿಡಿಯಬೇಕು ಎಂದು ನನಗನ್ನಿಸುತ್ತದೆ, ಮಾಕ್ಸಿಯಂಥ ಪೆಟ್ಟಿಗೆಯ ಪರೀಕ್ಷೆ ಬೇರೆ, ಊರು ಕಟ್ಟುವುದು ಬೇರೆ. ಆದರೆ ಅವಸರದವರ ವಾದವೂ ನನಗೆ ಅರ್ಥವಾಗುತ್ತದೆ. ಒಂದು ಗಾಡಿ ಐದು ವರ್ಷದಲ್ಲಿ ಕೆರೆಯುವುದನ್ನು ಒಬ್ಬ ಭೂವಿಜ್ಞಾನಿ ಸುತ್ತಿಗೆ ಹಿಡಿದು ಒಂದು ವಾರದಲ್ಲಿ ಕೆರೆದಾನು. ಇದ್ದವರ ಸುಳಿವು ಹಿಡಿಯಲು ಬರುವವರೇ ಬೇಕು ಎಂದರೆ ಏನು ಹೇಳುವುದು?

2024ರ ಜುಲೈನಲ್ಲಿ ಈ ಗಾಡಿ ಹಳೆಯ ನದಿಪಾತ್ರವೊಂದರಲ್ಲಿ ಒಂದು ಕಲ್ಲು ಕಂಡಿತು. ಅದಕ್ಕೆ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟರು. ಮೈಮೇಲೆ ಚಿರತೆಯಂಥ ಚುಕ್ಕೆ, ನಡುವೆ ಬೆಳ್ಳನೆಯದು, ಸುತ್ತ ಕಪ್ಪು ಅಂಚು. ಭೂಮಿಯಲ್ಲಿ ಇಂಥ ಚುಕ್ಕೆಗಳು ಎಷ್ಟೋ ಸಲ ಸೂಕ್ಷ್ಮಜೀವಿಗಳ ಉಪಜೀವನದ ಗುರುತು. ಜೀವವಿಲ್ಲದೆಯೂ ಉಂಟಾಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನವೂ ಜೀವದ ಗುರುತು ಇರಬಹುದು ಎಂಬಲ್ಲಿಗೆ ನಿಂತಿದೆ. ಖಚಿತವಾಗಿ ಹೇಳಬೇಕಾದರೆ ಆ ಕಲ್ಲು ಇಲ್ಲಿನ ಪ್ರಯೋಗಾಲಯಕ್ಕೆ ಬರಬೇಕು. ಅದರ ಒಂದು ತಿರುಳು ಕೊಳವೆಯೊಳಗೆ ಮೊಹರಾಗಿ ಗಾಡಿಯ ಜೊತೆಯೇ ತಿರುಗುತ್ತಿದೆ.

ಇದಲ್ಲದೆ ಇನ್ನೂ ಹತ್ತು ಕೊಳವೆಗಳನ್ನು ಗಾಡಿ 2022ರ ಕೊನೆ ಮತ್ತು 2023ರ ಮೊದಲ ವಾರಗಳಲ್ಲಿ ಥ್ರೀ ಫೋರ್ಕ್ಸ್ ಎಂಬ ಬಯಲಿನಲ್ಲಿ ಇಳಿಸಿ ಬಂದಿದೆ. ಒಂದರ ಮೇಲೊಂದು ರಾಶಿ ಹಾಕಿಲ್ಲ. ಧೂಳು ಮುಚ್ಚಿದರೂ ಬೇರೊಂದು ರೋಬೋಟ್ ಬಂದು ಹೆಕ್ಕಿಕೊಳ್ಳಲು ಆಗಬೇಕೆಂದು ಒಂದೊಂದನ್ನೂ ದೂರದೂರ, ಅಂಕುಡೊಂಕಾಗಿ ಇಟ್ಟು, ಜಾಗದ ನಕ್ಷೆ ಮಾಡಿದ್ದಾರೆ. ಆ ಹತ್ತರಲ್ಲಿ ಒಂದು ಕೊಳವೆಯೊಳಗೆ ಮಂಗಳದ ಮಾದರಿಯೇ ಇಲ್ಲ. ಅದಕ್ಕೆ ಸಾಕ್ಷಿ ಕೊಳವೆ ಎನ್ನುತ್ತಾರೆ. ಮಾದರಿ ತೆಗೆಯುವ ಜಾಗದಲ್ಲಿ ಅದನ್ನು ತೆರೆದು, ಗಾಡಿಯ ಮೈಯಿಂದ ಏನೇನು ಹೊಮ್ಮುತ್ತದೋ ಅದೆಲ್ಲ ಅಂಟಿಕೊಳ್ಳಲು ಬಿಟ್ಟು, ಮೊಹರು ಹಾಕಿದ್ದು. ನಾಳೆ ಕಲ್ಲಿನಲ್ಲಿ ಜೀವದ ಕಣ ಸಿಕ್ಕಿತು ಎಂದಾಗ ಅದು ಮಂಗಳದ್ದೋ, ಇಲ್ಲ ಪ್ಯಾಸಡೀನಾದಿಂದ ಗಾಡಿಗೆ ಮೆತ್ತಿಕೊಂಡು ಹೋದದ್ದೋ ಎಂದು ಈ ಕೊಳವೆಯನ್ನು ಒಡೆದು ತಾಳೆ ನೋಡುತ್ತಾರೆ. ತರುವ ಗಾಡಿ ಯಾವುದು, ಯಾವ ವರ್ಷ, ಯಾರ ದುಡ್ಡಿನಲ್ಲಿ ಎಂಬುದಂತೂ ಇನ್ನೂ ತೀರ್ಮಾನವಾಗಿಲ್ಲ.